ಬಾಗಿಲ ಹೊರಗೆ ನಿಂತ ಟೀಚರಮ್ಮ

ಹೊಸ ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಹಾಕಿಸಿದ ಮರುದಿನ ಬೆಳಿಗ್ಗೆಯೇ ಸೊಸೆ ವಿಜಯವಾಡದ ರೈಲು ಹತ್ತಿದಳು. ಮೊದಲ ತಪ್ಪು ಅದು, ಅವಳದು. ಎರಡನೆಯದು ನನ್ನದು. ಅವಳ ತಪ್ಪು ಒಂದು ಗಂಟೆಯಲ್ಲಿ ಸರಿಹೋಗುವಂಥದ್ದಾಗಿತ್ತು. ನನ್ನದು ಹಾಗೆ ಹೋಗುವಂಥದ್ದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾವಿರುವುದು ವಿಶಾಖಪಟ್ಟಣದ ಮಧುರವಾಡದಲ್ಲಿ, ಮೂರನೆಯ ಮಹಡಿ. ಮಗ ಬ್ಯಾಂಕಿನವನು. ವರ್ಗವಾಗಿ ಶ್ರೀಕಾಕುಳಂ ಕಡೆಯ ಒಂದು ಊರಿನಲ್ಲಿದ್ದಾನೆ, ಶನಿವಾರಕ್ಕೊಮ್ಮೆ ಬರುತ್ತಾನೆ. ಮೊಮ್ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹಾಗಾಗಿ ಮನೆಯಲ್ಲಿ ನಾನು, ಸೊಸೆ, ಆಮೇಲೆ ಅವಳ ಕಂಪ್ಯೂಟರು. ಕಂಪ್ಯೂಟರೆಂದರೆ ಮಡಚಿ ಚೀಲದಲ್ಲಿಟ್ಟುಕೊಂಡು ಹೋಗುವಂಥದ್ದಲ್ಲ. ಮೇಜಿನ ಕೆಳಗೆ ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಯಾವುದೋ ಸ್ಟುಡಿಯೋ ಮುಚ್ಚಿದಾಗ ತಂದದ್ದು. ಅದನ್ನು ನಡೆಸುವ ಮೂಲ ಪ್ರೋಗ್ರಾಮಿನ ಹೆಸರು ಲಿನಕ್ಸ್.

ಮಗಳು ಹಾಸ್ಟೆಲಿಗೆ ಹೋದಮೇಲೆ ಸೊಸೆ ತಾನೇ ಕುಳಿತು ಒಂದು ವಿದ್ಯೆ ಕಲಿತಳು. ಇನ್ನೂ ಕಟ್ಟದ ಮನೆಯನ್ನು ಕಟ್ಟಿ ಮುಗಿಸಿದ ಹಾಗೆ ಚಿತ್ರ ಮಾಡುವುದು. ಕಿಟಕಿಯಿಂದ ಬಿಸಿಲು ಬಿದ್ದಿರುತ್ತದೆ, ಸೋಫಾದ ಮೇಲೆ ದಿಂಬು ಇರುತ್ತದೆ, ನೆಲದಲ್ಲಿ ದಿಂಬಿನ ನೆರಳು ಕಾಣುತ್ತದೆ. ‘ಈ ಮನ್ಯಾಗ ಯಾರೂ ಉಂಡಂಗ ಕಾಣವಲ್ದು’ ಎಂದು ನಾನು ಒಮ್ಮೆ ಅಂದಿದ್ದೆ. ಮರುದಿನ ಊಟದ ಮೇಜಿನ ಮೇಲೆ ಎರಡು ತಟ್ಟೆ ಬಂದವು. ನಾಲ್ಕು ವರ್ಷ ಸಣ್ಣಪುಟ್ಟ ಕೆಲಸ ಮಾಡಿದಳು, ಯಾರದೋ ಅಡುಗೆಮನೆ, ಯಾರದೋ ಅಂಗಡಿಯ ಮುಂಭಾಗ. ಕೊನೆಗೆ ವಿಜಯವಾಡದ ಒಬ್ಬ ಬಿಲ್ಡರು ಕರೆದ. ಮೂರು ಅಪಾರ್ಟ್‌ಮೆಂಟು ಕಟ್ಟುವವನು. ಮೊದಲು ಒಂದು ಮನೆಯ ಹನ್ನೆರಡು ಚಿತ್ರ ತೋರಿಸಬೇಕು, ಹಿಡಿಸಿದರೆ ಮೂರು ಕಟ್ಟಡದ ಕೆಲಸವೂ ಅವಳಿಗೆ. ಅದು ಕೈತಪ್ಪಿದರೆ ಸೋಮವಾರದಿಂದ ಇಲ್ಲಿಯದೇ ಒಂದು ಕೋಚಿಂಗ್ ಸೆಂಟರಿನಲ್ಲಿ, ಬಾಗಿಲ ಹತ್ತಿರದ ಮೇಜಿನ ಮುಂದೆ ಕುಳಿತು ಬಂದವರನ್ನು ಮಾತಾಡಿಸುವ ಕೆಲಸಕ್ಕೆ ಸೇರುವುದೆಂದು ಒಪ್ಪಿಕೊಂಡಿದ್ದಳು. ಆ ಕೆಲಸ ಅವಳಿಗೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅದಕ್ಕೆಂದು ತಂದ ಎರಡು ಸೀರೆಗಳನ್ನು ಚೀಲದಿಂದ ತೆಗೆದೇ ಇರಲಿಲ್ಲ.

ಹೊರಡುವ ವಾರ, ಚಿತ್ರ ಮೂಡಿಸುವ ಹಳೆಯ ಕಾರ್ಡು ಸತ್ತಿತು. ಸಮುದ್ರದ ಉಪ್ಪುಗಾಳಿ ಲೋಹದ ಯಾವುದನ್ನೂ ಬಿಡುವುದಿಲ್ಲ, ಬಿಚ್ಚಿದಾಗ ತಿರುಪಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಅಂಗಡಿಯವನು ಬಂದು ಬೇರೆ ಕಂಪನಿಯ ಹೊಸ ಕಾರ್ಡು ಕೂರಿಸಿದ. ಪರದೆಯಲ್ಲಿ ಬೆಳಕು ಬಂತು. ಬೆಳಕು ಬಂದದ್ದೇ ಸಾಕೆಂದು ಸೊಸೆ ನಂಬಿದಳು.

ಅವಳು ವಿಜಯವಾಡ ಮುಟ್ಟಿದ ಸಂಜೆ ಬಿಲ್ಡರು ಫೋನು ಮಾಡಿ, ನೆಲದ ಕಲ್ಲು, ಗೋಡೆಯ ಬಣ್ಣ ಎರಡನ್ನೂ ಬದಲಿಸು ಎಂದನಂತೆ. ಹನ್ನೆರಡು ಚಿತ್ರವನ್ನೂ ಹೊಸದಾಗಿ ತೆಗೆಯಬೇಕಾಯಿತು. ಅವಳ ಹತ್ತಿರ ಇದ್ದದ್ದು ಒಂದು ಸಣ್ಣ ಲ್ಯಾಪ್‌ಟಾಪು. ಅದರಿಂದ ಮನೆಯ ಕಂಪ್ಯೂಟರಿನೊಳಕ್ಕೆ ಹೋಗಿ ಕೆಲಸ ಹೇಳಬಹುದು. ಹೇಳಿ ಮಲಗಿದಳು. ಬೆಳಗಾಗುತ್ತಲೇ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಅಮ್ಮನವರ ದರ್ಶನ ಮಾಡಿ ಬಂದು ನೋಡಿದರೆ ಒಂದು ಚಿತ್ರವೂ ಮುಗಿದಿರಲಿಲ್ಲ.

ಒಂಬತ್ತಕ್ಕೆ ನನಗೆ ಫೋನು ಬಂತು. ನನ್ನದು ಗುಂಡಿ ಒತ್ತುವ ಫೋನು, ಮುಖ ಕಾಣುವಂಥದ್ದಲ್ಲ.

“ಅತ್ತಿ, ಕಂಪ್ಯೂಟರ್ ಮುಂದ ಹೋಗಿ ಕುಂದರ್ರಿ.”

“ಯಾಕ, ಸುಟ್ಟಿತೇನು?”

“ಸುಟ್ಟಿಲ್ಲ. ಕಾರ್ಡ್ ಐತಿ ಅನ್ನೋದ ಅದಕ್ಕ ಗೊತ್ತಿಲ್ಲ.”

“ಮೊನ್ನೆ ನನ್ನ ಕಣ್ಣ ಮುಂದ ಹಾಕಿ ಹೋದ್ನಲ್ಲ ಅಂಗಡ್ಯಾಂವ.”

“ಹಾಕ್ಯಾನ. ಡ್ರೈವರ್ ಇಲ್ಲ ಕದಾ.”

ಅವಳು ಹುಟ್ಟಿ ಬೆಳೆದದ್ದು ಇಲ್ಲಿಯದೇ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ. ತಾಯಿ ತಂದೆ ನಮ್ಮ ಗದಗಿನ ಕಡೆಯವರಾದರೂ ಅವಳ ಕನ್ನಡದ ಕೊನೆಗೆ, ನಮ್ಮ ‘ಹೌದಲ್ಲ’ ಅನ್ನುವಂಥ ಒಂದು ತೆಲುಗಿನ ‘ಕದಾ’ ಅಂಟಿಕೊಂಡೇ ಬರುತ್ತದೆ. ಡ್ರೈವರ್ ಎಂದರೆ ಏನೆಂದು ಅವಳೇ ಬಿಡಿಸಿ ಹೇಳಿದಳು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ಪ್ರೋಗ್ರಾಮು. ಹಳೆಯ ಕಾರ್ಡಿಗೆ ಬೇಕಾದದ್ದು ಲಿನಕ್ಸಿನ ಒಳಗೇ ಇತ್ತು. ಹೊಸದರದ್ದನ್ನು ಹೊರಗಿನಿಂದ ತರಿಸಬೇಕು. ತರಿಸಿ, ಅಲ್ಲಿಂದಲೇ ಹಾಕಿಯೂ ಆಗಿತ್ತು.

“ಮತ್ತ ನಾ ಯಾಕ ಕುಂದರಬೇಕು?”

“ಹೊರಗಿನ ಡ್ರೈವರನ್ನ ಅದು ಸುಮ್ಮಸುಮ್ಮನ ಒಳಗ ಬಿಡಂಗಿಲ್ಲ ಅತ್ತಿ. ಮನಷ್ಯಾರು ಒಬ್ರು ಖುದ್ದ ಅದರ ಮುಂದ ಕುಂತು, ಹೂಂ ಇದು ನಮ್ಮದ ಅಂತ ನಂಬರ್ ಒತ್ತಬೇಕು. ದೂರದಿಂದ ನಾ ಒತ್ತಿದ್ರ ನಡಿಯಂಗಿಲ್ಲ.”

“ಚಲೋ ಮಾಡೈತಿ. ಕಳ್ಳರು ಬಂದು ನಾವ ಡ್ರೈವರ್ ಅಂದ್ರ?”

“ಅದಕ್ಕ ಅತ್ತಿ. ಈಗ ಬರಕೊಳ್ರಿ.”

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದುಕೊಂಡೆ. ಯಂತ್ರವನ್ನು ಅವಳು ಅಲ್ಲಿಂದ ಆರಿಸಿ ಹಚ್ಚುತ್ತಾಳೆ. ಪರದೆ ನೀಲಿಯಾಗುತ್ತದೆ. ಹತ್ತು ಎಣಿಸುವುದರೊಳಗೆ ಯಾವುದಾದರೂ ಒಂದು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅದು ಕಾಯುವುದಿಲ್ಲ, ಮುಂದಕ್ಕೆ ಹೋಗಿಬಿಡುತ್ತದೆ. ಒತ್ತಿದಮೇಲೆ ಕೆಲವು ಸಾಲು ಬರುತ್ತವೆ, ಎರಡನೆಯ ಸಾಲು ಹಿಡಿಯಬೇಕು. ಆಮೇಲೆ ಹೂಂ ಅನ್ನಬೇಕು. ಆಮೇಲೆ ಅವಳು ಬರೆಸಿದ ಎಂಟು ಅಂಕಿ. ಒತ್ತುವಾಗ ಅಂಕಿ ಪರದೆಯ ಮೇಲೆ ಕಾಣುವುದಿಲ್ಲ, ಹೆದರಬೇಡಿ ಎಂದಳು. ನಾನು ಓದಿದ್ದು ನಾಲ್ಕನೆಯ ಇಯತ್ತೆಯ ತನಕ, ಅದೂ ಕನ್ನಡ. ಇಂಗ್ಲಿಷಿನ ಅಂಕಿ ಗೊತ್ತು, ಅಕ್ಷರ ಕೂಡಿಸಿ ಓದಲು ಬರುವುದಿಲ್ಲ.

“ಕೆಳಗಿನ ಟೀಚರಮ್ಮನ್ನ ಕರೀರಿ. ಅವರು ಓದಿ ಹೇಳ್ತಾರ. ಬಿಲ್ಡರ್ ಆಫೀಸಿಂದ ನಂಗ ಫೋನ್ ಬರತಾವು, ಇಡ್ತೀನಿ. ಅವರು ಬಂದು ಕುಂತ ಮ್ಯಾಲೆ ಒಂದು ಮಿಸ್ಡ್ ಕಾಲ್ ಕೊಡ್ರಿ, ಆರಿಸಿ ಹಚ್ಚತೀನಿ. ಮುಗಿದ ಮ್ಯಾಲೆ ಇನ್ನೊಂದು ಕೊಡ್ರಿ. ಹನ್ನೊಂದಕ್ಕ ಶುರುವಾದ್ರ ನಾಲ್ಕಕ್ಕ ಹನ್ನೆರಡೂ ಮುಗೀತಾವು. ಒಂದಕ್ಕ ಇಪ್ಪತ್ತೈದು ನಿಮಿಷ ಬೇಕು.”

ನಾಲ್ಕು ಗಂಟೆಗೆ ಅವಳು ವಿಜಯವಾಡದ ಗವರ್ನರ್‌ಪೇಟೆಯ ಆಫೀಸಿನಲ್ಲಿ ಬಿಲ್ಡರನ್ನು ಕಾಣಬೇಕಾಗಿತ್ತು. ಅಂದು ಸಂಜೆಯೇ ಅವನು ಊರು ಬಿಡುವವನು. ಹೋಗುವ ಮುಂಚೆ ಯಾರಿಗೆ ಕೆಲಸವೆಂದು ಹೇಳಿ ಹೋಗುತ್ತಾನೆ.

ಟೀಚರಮ್ಮ ಮೊದಲ ಮಹಡಿಯವರು, ತೆಲುಗಿನವರು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಾವಿಬ್ಬರೂ ಮಾತಾಡುವುದು ತೆಲುಗಿನಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕರೆದ ಕೂಡಲೇ ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಹತ್ತು ಗಂಟೆ ದಾಟಿತ್ತು. ಮಿಸ್ಡ್ ಕಾಲ್ ಕೊಟ್ಟೆ. ಪರದೆ ಕಪ್ಪಾಯಿತು, ನೀಲಿಯಾಯಿತು. ನಾನು ಉದ್ದ ಗುಂಡಿಯನ್ನು ಗುದ್ದಿದೆ.

“ಮೆಲ್ಲಗೆ ಅಮ್ಮಗಾರೂ, ಅದೇನು ರೊಟ್ಟಿಯಾ?” ಎಂದರು ಟೀಚರಮ್ಮ. ಸಾಲು ಓದಿದರು, ಎರಡನೆಯದು ಹಿಡಿದರು, ಹೂಂ ಅಂದರು. ಎಲ್ಲ ಸರಾಗವಾಗಿ ಹೋಯಿತು. ಅಂಕಿ ಕೇಳುವ ಹೊತ್ತು ಬಂತು. ಅವರು ಬೆರಳುಗಳನ್ನು ಗುಂಡಿಗಳ ಮೇಲೆ ತಯಾರಾಗಿಟ್ಟು, “ಚೆಪ್ಪಂಡಿ,” ಎಂದರು. ಹೇಳಿ ಎಂದು.

ನಾನು ಹಾಳೆಯನ್ನು ಮಡಚಿದೆ.

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕ್ಯಾಷಿಯರಾಗಿದ್ದವರು. ಅದೇ ಗವರ್ನರ್‌ಪೇಟೆಯಲ್ಲಿ ಹನ್ನೊಂದು ವರ್ಷ ಇದ್ದೆವು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ ಹತ್ತಿರ, ಒಂದು ಇವರ ಹತ್ತಿರ. ಇಬ್ಬರೂ ಬಾಗಿಲ ಮುಂದೆ ನಿಂತರೆ ಮಾತ್ರ ತೆರೆಯುತ್ತದೆ. ಇವರು ತಮ್ಮದನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಜ್ವರ ಬಂದ ದಿನ ರಿಕ್ಷಾದಲ್ಲಿ ಹೋಗಿ ತಾವೇ ತೆರೆದು ಬಂದರೇ ಹೊರತು ಮತ್ತೊಬ್ಬರ ಕೈಗೆ ಕೊಡಲಿಲ್ಲ. ಮನೆಗೆ ಯಾರಾದರೂ ಬಂದಾಗ ಕೀಲಿ ಮುಟ್ಟಬೇಕಾದರೆ ಗೋಡೆಗೆ ಮುಖ ಮಾಡುತ್ತಿದ್ದರು. ಅವರ ತಮ್ಮನೇ ಕೂತಿದ್ದರೂ ಅಷ್ಟೇ. ಮನೆಯವರೆಲ್ಲ ಅದನ್ನೇ ಕಲಿತೆವು. ಮಗ ಇವತ್ತಿಗೂ ಎಟಿಎಮ್ಮಿನಲ್ಲಿ ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ.

“ಟೀಚರ್‌ಗಾರೂ, ಒಂದು ನಿಮಿಷ ಹೊರಗೆ ನಿಲ್ಲಿ,” ಎಂದೆ.

“ನಾನಾ?”

“ಹೂಂ. ನಂಬರು ಒತ್ತಿ ಕರೆಯುತ್ತೇನೆ.”

ಅವರು ಎದ್ದು ಹೋದರು. ನಾನು ಬಾಗಿಲು ಮುಂದೆ ಮಾಡಿದೆ, ಚಿಲಕವನ್ನೂ ಹಾಕಿದೆ.

ಕೀಬೋರ್ಡಿನ ಬಲಗಡೆ ಅಂಕಿಗಳೆಲ್ಲ ಒಂದು ಚೌಕದಲ್ಲಿ ಫೋನಿನ ಹಾಗೆ ಕೂತಿವೆ. ಅಲ್ಲಿಯೇ ಒತ್ತಿದೆ, ಒಂದೊಂದನ್ನೇ ನೋಡಿ. ದೊಡ್ಡ ಗುಂಡಿ ಒತ್ತಿದೆ. ಏನೋ ಒಂದು ಸಾಲು ಬಂದು ಮತ್ತೆ ಅದನ್ನೇ ಕೇಳಿತು. ಎರಡನೆಯ ಸಲ ಇನ್ನೂ ನಿಧಾನವಾಗಿ ಒತ್ತಿದೆ. ಮೂರನೆಯ ಸಲ ಹಾಳೆಯ ಮೇಲೆ ಬೆರಳಿಟ್ಟು ಒತ್ತಿದೆ. ಮೂರು ಸಲವಾದಮೇಲೆ ಯಂತ್ರ ನನ್ನನ್ನು ಬಿಟ್ಟು ತಾನೇ ಮುಂದೆ ಹೋಯಿತು, ಎಂದಿನ ಪರದೆ ಬಂತು.

ಬಾಗಿಲು ತೆರೆದರೆ ಟೀಚರಮ್ಮ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಎದುರುಮನೆಯ ಬಾಗಿಲು ಅರ್ಧ ತೆರೆದಿತ್ತು. ಟೀಚರಮ್ಮ ಚಿಲಕ ಹಾಕಿಸಿಕೊಂಡು ಹೊರಗೆ ನಿಂತದ್ದನ್ನು ಆ ಮನೆಯವರೂ ನೋಡಿರಬೇಕು.

ಸೊಸೆಗೆ ಫೋನು ಮಾಡಿದೆ.

“ಒಳಗ ಬಿಡವಲ್ದವಾ.”

“ನಂಬರ್ ಸರಿಯಾಗಿ ಒತ್ತಿದ್ರ್ಯಾ?”

“ಮೂರ್ ಸಲ ಒತ್ತೀನಿ.”

“ಟೀಚರಮ್ಮ ನೋಡಿದ್ರಾ ನೀವು ಒತ್ತಿದ್ದು?”

“ನೋಡಿದ್ರು.”

ಆ ಸುಳ್ಳು ಯಾಕೆ ಹೇಳಿದೆನೋ ಗೊತ್ತಿಲ್ಲ. ಹೇಳಿ ಆಯಿತು. ಲೆಕ್ಕದ ಟೀಚರೇ ಮುಂದೆ ನಿಂತು ನೋಡಿದ್ದಾರೆಂದರೆ ಅಂಕಿ ಒತ್ತುವುದರಲ್ಲಿ ತಪ್ಪಿಲ್ಲ ಎಂದು ಅವಳು ತಿಳಿದಳು. ಅಂದಮೇಲೆ ತಪ್ಪು ತನ್ನದೇ ಇರಬೇಕು, ಡ್ರೈವರ್ ಹಾಕುವಾಗಲೇ ಏನೋ ಎಡವಟ್ಟಾಗಿದೆ. ಹಾಕಿದ್ದನ್ನೆಲ್ಲ ಕಿತ್ತು ತೆಗೆದಳು, ಮತ್ತೆ ಮೊದಲಿನಿಂದ ತರಿಸಿದಳು. ಲಾಡ್ಜಿನ ಇಂಟರ್‌ನೆಟ್ಟು ನಡುನಡುವೆ ನಿಲ್ಲುತ್ತಿತ್ತು, ಪ್ರತಿ ಸಲವೂ ಹಿಂದಕ್ಕೆ ಬಂದು ಮತ್ತೆ ಶುರು ಮಾಡಬೇಕಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಅನ್ನಕ್ಕಿಟ್ಟೆ. ಸಾರಿಗೆ ಒಗ್ಗರಣೆ ಹಾಕಿದೆ. ಊಟ ಮಾಡಲಿಲ್ಲ.

ಹನ್ನೆರಡೂ ಕಾಲಿಗೆ ಮತ್ತೆ ಫೋನು.

“ಎಲ್ಲಾ ಹೊಸದಾಗಿ ಹಾಕೀನಿ. ನಂಬರ್ ಮೊದಲಿನದ. ಇನ್ನೊಮ್ಮೆ ನೀಲಿ ಪರದೆ ಬರತೈತಿ. ಈ ಸಲಾನೂ ಆಗಲಿಲ್ಲಂದ್ರ ಬಿಡ್ರಿ. ಸೋಮವಾರ ಕೋಚಿಂಗ್ ಸೆಂಟರಿಗೆ ಹೋಗ್ತೀನಿ, ಮುಗೀತು.” ಅವಳು ಅಳುತ್ತಿರಲಿಲ್ಲ. ಅಳುವ ಹೆಂಗಸಲ್ಲ ಅವಳು. ದನಿ ಒಣಗಿತ್ತು. “ಟೀಚರಮ್ಮ ಅದಾರಲ್ಲ?”

“ಕರಕೊಂಬರ್ತೀನಿ. ಹತ್ತು ನಿಮಿಷ ತಡಿ.”

ಕೆಳಗಿಳಿದೆ. ಟೀಚರಮ್ಮ ಪಡಸಾಲೆಯಲ್ಲಿ ಕುಳಿತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಬನ್ನಿ ಟೀಚರ್‌ಗಾರೂ, ಇನ್ನೊಮ್ಮೆ ನೋಡಬೇಕು.”

“ಬೆಳಿಗ್ಗೆ ಕಳ್ಳಿ, ಮಧ್ಯಾಹ್ನ ಟೀಚರಾ ನಾನು?”

“ಕಳ್ಳಿ ಎಂದು ನಾನು ಅನ್ನಲಿಲ್ಲ.”

“ಚಿಲಕ ಅಂದಿತು. ನನಗೆ ಕೇಳಿಸಿತು.”

“ತಪ್ಪು ನನ್ನದು. ನಮ್ಮ ಮನೆಯಲ್ಲಿ ಹಾಗೇ ರೂಢಿ, ಯಜಮಾನರು ಬ್ಯಾಂಕಿನ ಕೀಲಿಯನ್ನು ಸ್ವಂತ ತಮ್ಮನಿಗೂ ತೋರಿಸುತ್ತಿರಲಿಲ್ಲ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಆದರೆ ನಾಲ್ಕು ಗಂಟೆಯ ಮೇಲೆ ಬೈಯಿರಿ. ಅವಳ ಕೆಲಸ ಹೋಗುತ್ತದೆ,” ಎಂದೆ.

ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಎದ್ದರು. ಮೆಟ್ಟಿಲು ಹತ್ತುವಾಗ, “ಹುಡುಗಿಗೋಸ್ಕರ ಬರುತ್ತಿದ್ದೇನೆ, ನಿಮಗೋಸ್ಕರ ಅಲ್ಲ,” ಎಂದರು.

ಕುರ್ಚಿಯಲ್ಲಿ ಕುಳಿತವರು ಮೊದಲು ಕೇಳಿದ್ದೇ, “ಅಂಕಿಗಳನ್ನು ಎಲ್ಲಿ ಒತ್ತಿದಿರಿ?”

ಬಲಗಡೆಯ ಚೌಕ ತೋರಿಸಿದೆ.

“ಇಲ್ಲಿ ನೋಡಿ, ಮೇಲೆ ಒಂದು ಸಣ್ಣ ದೀಪ ಹತ್ತಬೇಕು. ಹತ್ತಿಲ್ಲ. ದೀಪ ಇಲ್ಲದಿದ್ದರೆ ಈ ಕಡೆಯವು ಅಂಕಿಗಳೇ ಅಲ್ಲ. ಇಲ್ಲಿ ಒತ್ತಿದರೂ ಒಂದೇ, ಮೇಜಿನ ಮೇಲೆ ಒತ್ತಿದರೂ ಒಂದೇ.” ಸ್ಕೂಲಿನ ಕಂಪ್ಯೂಟರಿಗೆ ಮಾರ್ಕು ಹಾಕುವಾಗ ಅವರಿಗೂ ಹಾಗೆಯೇ ಆಗಿತ್ತಂತೆ, ಒಂದು ಇಡೀ ತರಗತಿಯ ಮಾರ್ಕು ಖಾಲಿ ಹೋಗುವುದಿತ್ತಂತೆ. “ಬೆಳಿಗ್ಗೆ ನಾನು ಇಲ್ಲೇ ನಿಂತಿದ್ದರೆ ಆಗಲೇ ಹೇಳುತ್ತಿದ್ದೆ,” ಎಂದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದ ಹಾಗೆ ಹೇಳಿದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಮಿಸ್ಡ್ ಕಾಲ್ ಕೊಟ್ಟೆ. ಪರದೆ ಕಪ್ಪಾಗಿ ನೀಲಿಯಾಯಿತು. ಗುಂಡಿ, ಎರಡನೆಯ ಸಾಲು, ಹೂಂ. ಅಂಕಿ ಕೇಳಿತು. ಹಾಳೆ ಬಿಚ್ಚಿ ಎಂಟು ಅಂಕಿಯನ್ನೂ ಗಟ್ಟಿಯಾಗಿ ಓದಿದೆ. ಬಾಗಿಲೂ ತೆರೆದಿತ್ತು, ಕಿಟಕಿಯೂ ತೆರೆದಿತ್ತು. ಟೀಚರಮ್ಮ ಮೇಲಿನ ಸಾಲಿನಲ್ಲಿ ಒಂದೊಂದಾಗಿ ಒತ್ತಿದರು. ಯಂತ್ರ ಮತ್ತೆ ಕೇಳಲಿಲ್ಲ. ಆರಿತು, ಹತ್ತಿತು. ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಫ್ಯಾನು ಜೋರಾಗಿ ತಿರುಗತೊಡಗಿತು. ಅಷ್ಟು ಸದ್ದು ಅದು ಮೊದಲು ಮಾಡಿರಲಿಲ್ಲ. ಫೋನು ಬಂತು.

“ಬಂತು ಅತ್ತಿ! ಕಾರ್ಡ್ ಕಾಣಸ್ತು! ಮೊದಲನೇ ಚಿತ್ರ ಶುರುವಾತು.”

“ನಂಬರ್ ಟೀಚರಮ್ಮನ ಮುಂದ ಓದೀನಿ. ಪುರಸತ್ತಾದಾಗ ಬದಲಿ ಮಾಡು.”

“ಯಾಕ ಬದಲಿ ಮಾಡೂದು? ಅದು ಒಂದ ಸಲಕ್ಕ ಕದಾ. ಕೆಲಸ ಮುಗೀತು. ಇನ್ನ ಅದರಿಂದ ಏನೂ ತೆರಿಯಂಗಿಲ್ಲ. ಗೋಡೆ ಮ್ಯಾಲೆ ಬರದಿಟ್ರೂ ನಡೀತೈತಿ.”

ಟೀಚರಮ್ಮ ಏನಂತೆ ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ. ಆಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಇಪ್ಪತ್ತೈದು ನಿಮಿಷಕ್ಕೆ ಒಂದು ಚಿತ್ರವೆಂದರೆ ನಾಲ್ಕು ಗಂಟೆಗೆ ಹನ್ನೆರಡಾಗುವುದಿಲ್ಲ ಎಂದು ತಿಳಿಯಲು ನಾಲ್ಕನೆಯ ಇಯತ್ತೆಯೇ ಸಾಕು.

ಐದೂವರೆಗೆ ಅವಳು ರಸ್ತೆಯಲ್ಲಿ ನಿಂತು ಫೋನು ಮಾಡಿದಳು. ಆಟೋಗಳ ಹಾರನ್ನು ಕೇಳುತ್ತಿತ್ತು.

“ಒಂದು ಕಟ್ಟಡ ಕೊಟ್ರು ಅತ್ತಿ.”

“ಉಳದದ್ದು ಎರಡು?”

“ಬ್ಯಾರೇದವರಿಗೆ. ಏಳ ಚಿತ್ರ ಆಗಿದ್ವು. ಅಡಗಿಮನಿ ಎಲ್ಲಿ, ಬಾಲ್ಕನಿ ಎಲ್ಲಿ ಅಂದ್ರು. ರಾತ್ರಿ ಕಳಸ್ತೀನಿ ಅಂದ್ನಿ. ಹೇಳಿದ ಹೊತ್ತಿಗೆ ಎಲ್ಲಾ ತೋರಿಸಿದವರು ಇನ್ನೊಬ್ರದಾರ, ಅವರಿಗೆ ಎರಡು, ನಿಮಗ ಒಂದು ಅಂದ್ರು.”

“ಹನ್ನೆರಡೂ ಇದ್ದಿದ್ರ?”

“ಮೂರೂ ನಿಮಗ ಕೊಡೂದಿತ್ತು ಅಂತ ಅವರ ಅಂದ್ರು. ಕೆಲಸ ಹಿಡಿಸೇತಿ ಅವರಿಗೆ.” ನನಗೆ ಸಮಾಧಾನ ಹೇಳುವವಳ ಹಾಗೆ, “ನಂದ ತಪ್ಪು. ಹೊರಡೂ ಮುಂಚೆ ಒಂದು ಚಿತ್ರ ತಗದು ನೋಡಬೇಕಿತ್ತು. ಮ್ಯಾಲೆ ಡ್ರೈವರನ್ನ ಎರಡೆರಡ ಸಲ ಹಾಕಿದ್ನಿ,” ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಟೀಚರಮ್ಮ ಹೇಳಿಯೇ ಹೇಳುತ್ತಿದ್ದರು ಎಂಬುದು ಬೇರೆ ಮಾತು.

“ಮೊದಲನೇ ಸಲ ನೀ ಹಾಕಿದ್ದು ಸರೀನ ಇತ್ತು,” ಎಂದೆ. “ಟೀಚರಮ್ಮ ನೋಡಿದ್ರು ಅಂದಿದ್ದು ಸುಳ್ಳು. ನಂಬರ್ ಕೇಳಿಸ್ಕೊಂಡಾರು ಅಂತ ನಾನ ಅವರನ್ನ ಹೊರಗ ಹಾಕಿ ಚಿಲಕ ಹಾಕಿದ್ದೆ. ಒತ್ತಬಾರದ ಕಡೆ ಒತ್ತಿದೆ.”

“ಎರಡು ತಾಸು, ಅತ್ತಿ,” ಎಂದಳು. “ಎರಡು ತಾಸು ನನ್ನನ್ನ ನಾನ ಬೈಕೊಂಡೀನಿ.”

“ಇನ್ನ ನನ್ನ ಬೈ.”

“ರೈಲಿಗೆ ಹೊತ್ತಾತು. ಬಂದು ಬೈತೀನಿ.”

ಬಂದಳು, ಬೈದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಬಾಯಿ ಮಾಡಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಎದುರಿಗೆ ಕುಳಿತು, ನಂಬರಿಗಿಂತ ಸುಳ್ಳು ದೊಡ್ಡದು, ಸುಳ್ಳು ಹೇಳದಿದ್ದರೆ ಐದು ನಿಮಿಷದ ಕೆಲಸವಾಗಿತ್ತು ಎಂದಳು. ನಿಜವಾದ ಮಾತು. ಮುಗಿದಮೇಲೆ ಇಬ್ಬರಿಗೂ ಬಡಿಸಿದೆ.

ಸೋಮವಾರ ಬೆಳಿಗ್ಗೆ ಕೋಚಿಂಗ್ ಸೆಂಟರಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದಳು. ಎರಡು ಸೀರೆಯಲ್ಲಿ ಒಂದನ್ನು ಟೀಚರಮ್ಮನಿಗೆ ಕೊಟ್ಟಳು. ಇನ್ನೊಂದು ನನಗೆ ಬರಲಿಲ್ಲ, ತಾನೇ ಉಟ್ಟಳು. ಆ ಒಂದು ಕಟ್ಟಡದ ಕೆಲಸ ಆರು ತಿಂಗಳು ನಡೆಯಿತು. ಆಮೇಲೆ ಬೇರೆ ಕಡೆಯಿಂದ ಇನ್ನೆರಡು ಕೆಲಸ ಬಂದವು. ವಿಜಯವಾಡದ ಉಳಿದೆರಡು ಕಟ್ಟಡಗಳಿಗೆ ಬೇರೆಯವರು ಮಾಡಿದ ಚಿತ್ರಗಳು ಸೊಸೆಯ ಫೋನಿಗೆ ಬಂದಿದ್ದವು, ತೋರಿಸಿದಳು. ಚೆನ್ನಾಗಿಲ್ಲ. ನಾನು ಹಾಗಂದದ್ದಕ್ಕೆ ಅವಳು, “ಚಲೋನ ಅದಾವು ಬಿಡ್ರಿ,” ಎಂದಳು.